ವಿಜ್ಞಾನ ಪದವೀಧರರಿಗೆ ಗೇಟ್ ತರಬೇತಿ: ತುಮಕೂರಿನ ಒಂದು ಕೇಂದ್ರದ ವಿಮರ್ಶೆ

ತುಮಕೂರಿನ ಬಿ.ಎಚ್. ರಸ್ತೆಯ ಆಸುಪಾಸಿನಲ್ಲಿರುವ ತರಬೇತಿ ಕೇಂದ್ರವೊಂದರಲ್ಲಿ, ಎಂ.ಟೆಕ್. ಪ್ರವೇಶಕ್ಕೆಂದು ಬರೆಯುವ ಗೇಟ್ ಪರೀಕ್ಷೆಯ ಎಲೆಕ್ಟ್ರಾನಿಕ್ಸ್ ಮತ್ತು ಕಮ್ಯುನಿಕೇಷನ್ ಪತ್ರಿಕೆಗೆ ವಾರಾಂತ್ಯದ ತರಗತಿಗಳನ್ನು ಮುಗಿಸಿದ್ದೇನೆ. ನಾನು ಓದಿದ್ದು ಭೌತಶಾಸ್ತ್ರದ ಎಂ.ಎಸ್ಸಿ. ಆದ್ದರಿಂದ ಈ ಅಭಿಪ್ರಾಯ ಬಿ.ಇ. ಮುಗಿಸಿದವರಿಗಿಂತ, ವಿಜ್ಞಾನದ ಕಡೆಯಿಂದ ಎಂ.ಟೆಕ್.ಗೆ ಹೊರಟವರಿಗೆ ಹೆಚ್ಚು ಉಪಯೋಗವಾದೀತು.

ಪಾಠದ ಬಗ್ಗೆ ದೂರುವಂಥದ್ದು ಕಡಿಮೆ. ವಿದ್ಯುತ್ಕಾಂತತೆ, ಅರೆವಾಹಕ ಸಾಧನಗಳು ಮತ್ತು ಸುಮಾರು 13 ಅಂಕಗಳ ಎಂಜಿನಿಯರಿಂಗ್ ಗಣಿತ ನಮಗೆ ಪರಿಚಿತವೇ. ತೊಡಕಾಗುವುದು ನೆಟ್‌ವರ್ಕ್ (ಅಂದರೆ ವಿದ್ಯುತ್ ಸರ್ಕ್ಯೂಟುಗಳ ಲೆಕ್ಕ), ಕಂಟ್ರೋಲ್ ಸಿಸ್ಟಮ್ಸ್ ಮತ್ತು ಕಮ್ಯುನಿಕೇಷನ್ಸ್. ನೆಟ್‌ವರ್ಕ್ ಕಲಿಸುವ ಮೇಷ್ಟ್ರು ಈ ತೊಡಕನ್ನು ಬಲ್ಲವರು. ಭೌತಶಾಸ್ತ್ರದ ಪುಸ್ತಕಗಳು ಅನೇಕ ವೇಳೆ ಅಲೆಯ ಕಾಲಭಾಗದ ಘಾತವನ್ನು ಮೈನಸ್ ಐ ಒಮೆಗಾ ಟಿ ಎಂದು ಬರೆದರೆ, ಎಂಜಿನಿಯರುಗಳು ಪ್ಲಸ್ ಜೆ ಒಮೆಗಾ ಟಿ ಎಂದು ಬರೆಯುತ್ತಾರೆ; ಐ, ಜೆ ಎರಡೂ ಮೈನಸ್ ಒಂದರ ವರ್ಗಮೂಲವೇ. ಮೇಷ್ಟ್ರು ಬೋರ್ಡಿನ ನಡುವೆ ಗೆರೆ ಎಳೆದು, ರೆಸಿಸ್ಟರ್ ಮತ್ತು ಕೆಪಾಸಿಟರ್ ಇರುವ ಒಂದೇ ಆರ್‌ಸಿ ಸರ್ಕ್ಯೂಟನ್ನು ಎರಡೂ ಪದ್ಧತಿಯಲ್ಲಿ ಬಿಡಿಸಿ, ಕೆಪಾಸಿಟರಿನ ಇಂಪೀಡೆನ್ಸಿನ (ಪರ್ಯಾಯ ವಿದ್ಯುತ್ತಿಗೆ ಅದು ಒಡ್ಡುವ ತಡೆಯ) ಚಿಹ್ನೆ ಎಲ್ಲಿ ತಿರುಗುತ್ತದೆ, ಅಳೆಯಬಹುದಾದ ವೋಲ್ಟೇಜು ಏಕೆ ಬದಲಾಗುವುದಿಲ್ಲ ಎಂಬುದನ್ನು ಸಾಲುಸಾಲಾಗಿ ತೋರಿಸಿದರು. ಕಂಟ್ರೋಲ್ ಸಿಸ್ಟಮ್ಸ್ ತರಗತಿಯಲ್ಲಿ ಈ ತಾಳ್ಮೆ ಕಾಣಲಿಲ್ಲ; ವ್ಯವಸ್ಥೆಯ ಭಾಗಗಳನ್ನು ಚೌಕಗಳಾಗಿ ತೋರಿಸುವ ಬ್ಲಾಕ್ ಡಯಾಗ್ರಾಂ ಎಲ್ಲರಿಗೂ ಗೊತ್ತಿದೆ ಎಂದುಕೊಂಡೇ ಪಾಠ ಶುರುವಾಯಿತು.

ಅಣಕು ಪರೀಕ್ಷೆಗಳನ್ನು ಕಾಗದದ ಮೇಲೆ, ಸ್ವಂತ ಕ್ಯಾಲ್ಕುಲೇಟರ್ ಹಿಡಿದು ಬರೆಯಿಸುವುದು ಸರಿಯಲ್ಲ. ನಿಜವಾದ ಪರೀಕ್ಷೆಯಲ್ಲಿ ಮೂರು ಗಂಟೆ, 65 ಪ್ರಶ್ನೆ, ಪರದೆಯ ಮೇಲಿನ ಕ್ಯಾಲ್ಕುಲೇಟರ್ ಮಾತ್ರ. ಅದರ ಗುಂಡಿಗಳನ್ನು ಮೌಸಿನಲ್ಲಿ ಒತ್ತುವ ರೂಢಿ ಇಲ್ಲದಿದ್ದರೆ ಲೆಕ್ಕ ಬಂದರೂ ಸಮಯ ಸಾಲದು.

ನನ್ನ ದೊಡ್ಡ ತಕರಾರು ಕಚೇರಿಯವರ ಮೇಲೆ. ಗೇಟ್ ಅರ್ಹತೆ ಪಡೆದು ಎಂ.ಟೆಕ್. ಸೇರಿದವರಿಗೆ ಸಿಗುವ ತಿಂಗಳಿಗೆ 12,400 ರೂಪಾಯಿಯ ಶಿಷ್ಯವೇತನವನ್ನು ದಪ್ಪಕ್ಷರದಲ್ಲಿ ಗೋಡೆಗೆ ಅಂಟಿಸಿರುವ ಇವರು, ಬಿ.ಎಸ್ಸಿ.ಯವರೂ ಪರೀಕ್ಷೆ ಬರೆಯಬಹುದು ಎಂಬ ನಿಜವನ್ನು ಹೇಳಿ ಅಲ್ಲಿಗೇ ನಿಲ್ಲಿಸುತ್ತಾರೆ. ಪರೀಕ್ಷೆ ಬರೆಯುವ ಅರ್ಹತೆ ಬೇರೆ, ಸೀಟು ಪಡೆಯುವ ಅರ್ಹತೆ ಬೇರೆ. ಮೂರು ವರ್ಷದ ಬಿ.ಎಸ್ಸಿ. ಒಂದರಿಂದಲೇ ಸಾಮಾನ್ಯವಾಗಿ ಎಂ.ಟೆಕ್. ಪ್ರವೇಶ ದೊರೆಯುವುದಿಲ್ಲ, ಎಂ.ಎಸ್ಸಿ. ಆದವರಿಗೂ ಯಾವ ವಿಷಯದವರನ್ನು, ಯಾವ ಗೇಟ್ ಪತ್ರಿಕೆಯ ಅಂಕದ ಮೇಲೆ ತೆಗೆದುಕೊಳ್ಳಬೇಕೆಂಬ ನಿಯಮ ಸಂಸ್ಥೆಯಿಂದ ಸಂಸ್ಥೆಗೆ, ವಿಭಾಗದಿಂದ ವಿಭಾಗಕ್ಕೆ ಬದಲಾಗುತ್ತದೆ. ನನ್ನ ಜತೆಗಿದ್ದ ಗುಬ್ಬಿಯ ಹುಡುಗಿಯೊಬ್ಬಳಿಗೆ ಈ ವಿಷಯ ತಿಳಿದದ್ದು ಎರಡನೆಯ ಕಂತು ಕಟ್ಟಿದ ಮೇಲೆ. ಹಣ ಹಿಂತಿರುಗಿಸುವ ಪದ್ಧತಿ ಇಲ್ಲಿಲ್ಲ.

ತಿಪಟೂರು, ಗುಬ್ಬಿ ಕಡೆಯಿಂದ ರೈಲಿನಲ್ಲಿ ಬರುವವರಿಗೆ ಭಾನುವಾರದ ತರಗತಿ ಅನುಕೂಲ. ಪಾಠಕ್ಕೆ ಐದರಲ್ಲಿ ನಾಲ್ಕು, ಮಾರ್ಗದರ್ಶನಕ್ಕೆ ಒಂದು ಕೊಡುತ್ತೇನೆ. ಸೇರುವವರು ತಮಗೆ ಬೇಕಾದ ಮೂರು ನಾಲ್ಕು ವಿಭಾಗಗಳ ಪ್ರವೇಶ ಪ್ರಕಟಣೆಯನ್ನು ಮುದ್ರಿಸಿಕೊಂಡು, ತಮ್ಮ ಪದವಿಯ ಹೆಸರು ಅದರಲ್ಲಿ ಇದೆಯೇ ಎಂದು ನೋಡಿ, ಆಮೇಲೆ ಮೊದಲ ಕಂತು ಕಟ್ಟುವುದು ಒಳ್ಳೆಯದು.