ಮರಕುಟಿಗದ ಫೀಡರ್, ಆರ್ ತಿಂಗಳ ಬಳಸಿದ ಮ್ಯಾಲ

ಏಪ್ರಿಲ್‌ನಾಗ ಆನ್‌ಲೈನ್‌ನಿಂದ 850 ರೂಪಾಯಿಗೆ ತರಿಸಿದ್ದು. ಕಟ್ಟಿಗಿ ಫೀಡರ್, ಅಂದ್ರ ಹಕ್ಕಿಗೆ ತಿನಿಸು ಇಡೋ ಡಬ್ಬಿ, ಎರಡೂ ಕಡೆ ತಂತಿ ಜಾಳಿ, ಕೆಳಗ ಗೇಣುದ್ದ ಒಂದು ಹಲಗಿ ಇಳಿಬಿಟ್ಟಾರ. ಆ ಹಲಗಿ ಸುಮ್ನ ಚಂದಕ್ಕ ಇಟ್ಟಿದ್ದಲ್ಲ ಮತ್ತ, ಮರಕುಟಿಗದ ಬಾಲದ ಗರಿ ಭಾಳ ಬಿರುಸು ಇರ್ತಾವ, ಮೂರನೇ ಕಾಲ ಇದ್ದಂಗ ಅದನ್ನ ಊರಿಕೊಂಡ ನಿಲ್ತೈತಿ, ಅದಕ್ಕ ಆಸರಕಿ ಅದು. ಮಾಡಿದವರಿಗೆ ಹಕ್ಕಿ ಗೊತ್ತೈತಿ.

ಆದ್ರ ಅವರಿಗೆ ಗೊತ್ತಿರೋದು ಅಮೆರಿಕಾದ ಹಕ್ಕಿ. ಡಬ್ಬಿ ಮ್ಯಾಲ ಇರೋ ಕರಿ-ಬಿಳಿ ಸಣ್ಣದು ಡೌನಿ ಮರಕುಟಿಗ, ನಮ್ಮ ದೇಶದಾಗ ಇಲ್ಲೇ ಇಲ್ಲ. ಅಲ್ಲಿ ಚಳಿಗೆ ದನದ ಕೊಬ್ಬಿನ ಕೇಕ್ ಇಡ್ತಾರ, ಜೋಡಿ ಬಂದ ಚೀಟಿಯಾಗೂ ಅದನ್ನ ಬರದಾರ. ಬೆಳಗಾವಿ ಬ್ಯಾಸಗಿಯಾಗ ಕೊಬ್ಬು ಇಟ್ರ ಕರಗಿ ನಾರೂದು, ಹಕ್ಕಿ ಪುಕ್ಕಕ್ಕ ಹತ್ತಿದ್ರ ಅದಕ್ಕೂ ಛಲೋ ಅಲ್ಲ. ನಾ ಉಪ್ಪ ಹಾಕದ ಶೇಂಗಾ ಅರದು, ಜೋಳದ ಹಿಟ್ಟ ಕೂಡಿಸಿ, ಉಂಡಿ ಕಟ್ಟಿ ಒಳಗಿಟ್ಟು ಟಿಳಕವಾಡಿ ಮನಿ ಹಿತ್ತಲದಾಗಿನ ಮಾವಿನ ಗಿಡಕ್ಕ ಬಿಗದೆ.

ಇಣಚಿ ಬಂದ್ವು, ಗೊರವಂಕ ಬಂದ್ವು, ಪಿಕಳಾರ ದಿನಾ ಬರ್ತಾವ. ಮರಕುಟಿಗ ಒಂದ ತಿಂಗಳ ಆದ್ರೂ ಇಲ್ಲ. ಬಾಜೂ ಮನಿಯವರು "ನಿಮ್ಮ ಹಿತ್ತಲದಾಗ ಮರಕುಟಿಗ ಕುಂತೈತಲ್ರೀ" ಅಂತ ಕರದು ತೋರ್ಸಿದ್ರು, ನೋಡಿದ್ರ ಚಂದ್ರಮುಕುಟ, ಅದು ನೆಲಾ ಚುಚ್ಚಿ ಹುಳಾ ತಿನ್ನೋ ಹಕ್ಕಿ, ಜುಟ್ಟು ಉದ್ದ ಕೊಕ್ಕು ನೋಡಿ ಭಾಳ ಮಂದಿ ಹಂಗ ತಿಳ್ಕೋತಾರ.

ಆಮ್ಯಾಲ ಶೇಂಗಾ ವಾಸನಿಗೆ ಇರುವಿ ಸಾಲು ಹಚ್ಚಿದ್ವು, ಬೊಡ್ಡಿಯಿಂದ ಫೀಡರ್ ತನಕ. ನಾ ಬೂದಿ ಹಾಕಬೇಕಂತ ಮಾಡಿದ್ದೆ, ಅಷ್ಟರಾಗ ಒಂದ ದಿನ ಮುಂಜಾನೆ ಏಳಕ್ಕ ಕಿರ್ರ್‌ರ್ ಅಂತ ನಕ್ಕಂಗ ಕೂಗಿ ಬಂದು ಬೊಡ್ಡಿಗೆ ಅಂಟಿತು, ಬಂಗಾರ ಬೆನ್ನಿನ ಮರಕುಟಿಗ! ಫೀಡರ್ ಕಡೆ ತಿರುಗಿ ಸೈತ ನೋಡ್ಲಿಲ್ಲ. ಸಣ್ಣ ಸಣ್ಣ ಜಿಗಿತದಾಗ ಮ್ಯಾಲ ಏರಕೋತ, ನಾಲಿಗಿ ಚಾಚಿ ಚಾಚಿ ಇರುವಿ ಸಾಲನ್ನ ಪೂರ್ತಿ ಎತ್ತಿತು. ಅಡಗಿಮನಿ ಕಿಡಕಿಯಿಂದ ಹತ್ತ ಫೂಟ್ ಇದ್ದೀತು, ನಾ ಉಸಿರ ಬಿಗಿಹಿಡದ ನಿಂತಿದ್ದೆ. ಕುತ್ತಿಗಿ ಮುಂದ ಕರಿ, ಅದರಾಗ ಬಿಳಿ ಚುಕ್ಕಿ, ಬಾಲದ ಬುಡ ಕರಿ. ಬುಡ ಕೆಂಪಿದ್ರ ಅದು ಬ್ಯಾರೆ ಜಾತಿ. ಹಣಿ ಕರಿ, ಅದರಾಗ ಬಿಳಿ ಚುಕ್ಕಿ, ಹಿಂದಿನ ಜುಟ್ಟು ಅಷ್ಟ ಕೆಂಪು, ಅಂದ್ರ ಹೆಣ್ಣು. ಗಂಡಿಗೆ ಹಣಿಯಿಂದ ಜುಟ್ಟಿನ ತನಕ ಎಲ್ಲಾ ಕೆಂಪು.

ಈಗ ವಾರಕ್ಕ ಮೂರ್ನಾಲ್ಕ ಸಲ ಬರ್ತೈತಿ, ಯಾವಾಗ್ಲೂ ಬೊಡ್ಡಿಗೆ, ಇಲ್ಲಾ ಮ್ಯಾಲಿನ ಒಣ ಟೊಂಗಿಗೆ. ಬಾಲದ ಹಲಗಿ ಮ್ಯಾಲ ಒಮ್ಮೆನೂ ಕುಂತಿಲ್ಲ.

ಮಾಲ್ ಬಗ್ಗೆ ಹೇಳಬೇಕಂದ್ರ ಜಾಳಿ ಗಟ್ಟಿ ಐತಿ, ಇಣಚಿ ಕಡದ್ರೂ ಏನೂ ಆಗಿಲ್ಲ. ಕಟ್ಟಿಗಿ ಅಂದಿದ್ದು ಪ್ಲೈವುಡ್, ಜುಲೈ ಮಳಿಗೆ ಉಬ್ಬಿ ಮುಚ್ಚಳ ಕೂಡವಲ್ದು, ಬಿಜಾಗ್ರಿ ತುಕ್ಕು ಹಿಡದೈತಿ, ಎರಡ ಸಲ ಮೇಲ್ ಮಾಡಿದ್ರೂ ಉತ್ತರಿಲ್ಲ. ಐದಕ್ಕ ಎರಡ ಸ್ಟಾರ್. ಪಿಕಳಾರ, ಗೊರವಂಕ ನೋಡಾಕ ಬೇಕಂದ್ರ 850 ಯಾಕ, ತೆಂಗಿನ ಚಿಪ್ಪಿಗೆ ಹಗ್ಗಾ ಕಟ್ಟಿದ್ರ ಸಾಕು. ಮರಕುಟಿಗನ ಬೇಕಂದ್ರ ಗಿಡದಾಗಿನ ಒಣ ಟೊಂಗಿ ಕಡೀಬ್ಯಾಡ್ರಿ, ಬೊಡ್ಡಿಗೆ ಇರುವಿ ಪೌಡರ್ ಹೊಡೀಬ್ಯಾಡ್ರಿ. ಮೊನ್ನೆ ಮಾಲಿ ಕುಡಗೋಲ ತಗೊಂಡ ಬಂದಿದ್ದ, ಆ ಟೊಂಗಿ ಇರ್ಲಿ ಬಿಡಪಾ ಅಂತ ಚಾ ಕುಡಿಸಿ ಕಳಿಸೀನಿ.