ರಕ್ತ ಸೋಸಿಸಿಕೊಂಡ ಮೇಲೆ: ಎರಡು ರಿಪೋರ್ಟಿನ ಕಥೆ

ನಾನು ಮಂಡ್ಯದವನು. ಹದಿನೈದು ದಿನಕ್ಕೊಮ್ಮೆ ಮೈಸೂರಿನ ಒಂದು ಖಾಸಗಿ ಆಸ್ಪತ್ರೆಗೆ ಹೋಗಿ ರಕ್ತ ಸೋಸಿಸಿಕೊಂಡು ಬರುತ್ತೇನೆ. ಎಲ್‌ಡಿಎಲ್ ಅಫೆರೆಸಿಸ್ ಅಂತಾರೆ, ಅಂದರೆ ರಕ್ತದಿಂದ ಎಲ್‌ಡಿಎಲ್ ಅನ್ನೋ ಕೆಟ್ಟ ಕೊಲೆಸ್ಟ್ರಾಲ್ ಸೋಸಿ ತೆಗೆಯೋದು. ಡಯಾಲಿಸಿಸ್ ಅಲ್ಲ, ಕಿಡ್ನಿ ಚೆನ್ನಾಗಿದೆ. ನನ್ನದು ಅಪ್ಪನಿಂದ ಬಂದ ಕೊಲೆಸ್ಟ್ರಾಲ್. ಅವರು 42ಕ್ಕೇ ಹಾರ್ಟ್ ಅಟ್ಯಾಕ್ ಆಗಿ ಹೋದರು. ನನ್ನ ಹಿಮ್ಮಡಿಯ ಮೇಲೆ ಗಂಟು ಬಂದಾಗ ಚಪ್ಪಲಿ ಉಜ್ಜಿ ಆಗಿದ್ದು ಅಂದುಕೊಂಡಿದ್ದೆ, ಅದೂ ಕೊಲೆಸ್ಟ್ರಾಲ್ ಸೇರಿ ಆದ ಗಂಟೇ. "ಮುದ್ದೆ ತಿನ್ನೋನಿಗೆ ಎಂಥ ಕೊಲೆಸ್ಟ್ರಾಲ್ ಬಿಡ್ಲಾ" ಅಂತ ಚಿಕ್ಕಪ್ಪ ಈಗಲೂ ಅಂತಾರೆ. ಮಾತ್ರೆ, ಇಂಜೆಕ್ಷನ್ ಎರಡಕ್ಕೂ ಎಲ್‌ಡಿಎಲ್ 290ರಿಂದ ಜಗ್ಗಲಿಲ್ಲ.

ಒಂದು ಕೈಯಿಂದ ರಕ್ತ ಹೊರಗೆ, ಇನ್ನೊಂದು ಕೈಗೆ ವಾಪಸ್. ನಡುವೆ ಮೆಷಿನ್ನು ಪ್ಲಾಸ್ಮಾ, ಅಂದರೆ ರಕ್ತದ ನೀರಿನಂಥ ಭಾಗ, ಬೇರೆ ಮಾಡುತ್ತದೆ, ಎರಡನೇ ಫಿಲ್ಟರ್ ಎಲ್‌ಡಿಎಲ್‌ನಂಥ ದಪ್ಪ ಕಣಗಳನ್ನು ತಡೆಯುತ್ತದೆ. ಮೂರು ಗಂಟೆ ಬೇಕು. ಕೈ ಅಲ್ಲಾಡಿಸುವ ಹಾಗಿಲ್ಲ. ಮೂಗು ಕೆರೆದರೂ ಸಿಸ್ಟರನ್ನೇ ಕರೀಬೇಕು. ಪಾಪ, ಬೇಜಾರಿಲ್ಲದೆ ಬರ್ತಾರೆ. ಯಾವ ಬಿಪಿ ಮಾತ್ರೆ ತಗೋತೀರಿ ಅಂತ ಮೊದಲೇ ಕೇಳಿ ಬರೆದುಕೊಳ್ಳುತ್ತಾರೆ. ಕೆಲವು ಮಾತ್ರೆಗಳ ಜೊತೆ ಸೋಸುವಾಗ ಪ್ರೆಶರ್ ದಿಢೀರ್ ಅಂತ ಇಳಿಯಬಹುದಂತೆ.

ತಕರಾರು ಇರೋದು ಕೌಂಟರಿನ ಮೇಲೆ. ಮೊದಲ ಸಲ ಮುಗಿದ ತಕ್ಷಣ ತೆಗೆದ ರಕ್ತದಲ್ಲಿ ಎಲ್‌ಡಿಎಲ್ 88 ಬಂತು. "ಸೂಪರ್ ಸಾರ್, ಇನ್ನು ಒಂದು ತಿಂಗಳು ಬಿಟ್ಟು ಬನ್ನಿ" ಅಂದರು. ಖುಷಿಯಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಎರಡು ಮದ್ದೂರು ವಡೆ ತಿಂದೆ. ಹದಿನಾಲ್ಕನೇ ದಿನ ಸುಮ್ನೆ ಅನುಮಾನಕ್ಕೆ ಮಂಡ್ಯದಲ್ಲೇ ಟೆಸ್ಟ್ ಮಾಡಿಸಿದೆ. 262!

ವಡೆಯದಲ್ಲ ತಪ್ಪು ಅಂತ ಆಮೇಲೆ ಡಾಕ್ಟರು ಹೇಳಿದರು. ಬಾವಿ ನೀರು ಮೊಗೆದರೆ ಒರತೆ ನಿಲ್ಲುತ್ತಾ? ಲಿವರ್ ಕೊಲೆಸ್ಟ್ರಾಲ್ ಮಾಡ್ತಾನೇ ಇರುತ್ತದೆ. ಎಲ್‌ಡಿಎಲ್ ಹಿಡಿದು ಒಳಗೆಳೆಯುವ ರಿಸೆಪ್ಟರ್ ನಮ್ಮಂಥವರಲ್ಲಿ ಹುಟ್ಟಿನಿಂದಲೇ ಕಡಿಮೆ, ಇಲ್ಲವೇ ಸರಿಯಾಗಿ ಕೆಲಸ ಮಾಡಲ್ಲ. ಮೊದಲ ದಿನಗಳಲ್ಲಿ ಸರಸರ ಏರುತ್ತದೆ, ಆಮೇಲೆ ನಿಧಾನ. ಎಚ್‌ಡಿಎಲ್ ಅನ್ನೋ ಒಳ್ಳೆ ಕೊಲೆಸ್ಟ್ರಾಲ್ ಕೂಡ ಸ್ವಲ್ಪ ಇಳಿಯುತ್ತದೆ, ಆದರೆ ಬೇಗ ಚೇತರಿಸಿಕೊಳ್ಳುತ್ತದೆ. ಹಾಗಾಗಿ ಸೋಸಿದ ದಿನದ 88 ಒಂದನ್ನೇ ನೋಡಿದರೆ ಏನೂ ಗೊತ್ತಾಗಲ್ಲ, ಮುಂದಿನ ಸಲ ಸೂಜಿ ಹಾಕುವ ಮುಂಚಿನದ್ದೂ ಬೇಕು. ಈಗ ಎರಡೂ ಕೇಳಿ ತೆಗೆಸುತ್ತೇನೆ, ಮುಂದಿನ ಸಲದ ತಾರೀಕೂ ಡಾಕ್ಟರ ಹತ್ತಿರವೇ ಬರೆಸಿಕೊಳ್ಳುತ್ತೇನೆ.

ಸಿಸ್ಟರಿಗೆ ಐದು ಸ್ಟಾರ್, ಕೌಂಟರಿಗೆ ಒಂದು. ಹೋಗುವವರು ಅರ್ಧ ತೋಳಿನ ಅಂಗಿ ಹಾಕಿಕೊಂಡು ಹೋಗಿ, ಕಂಬಳಿ ಮನೆಯಿಂದಲೇ ತಗೊಳ್ಳಿ, ಎಸಿ ಜಾಸ್ತಿ. ಕೂರುವ ಮುಂಚೆ ಬಾತ್‌ರೂಮಿಗೂ ಹೋಗಿಬನ್ನಿ. ಕಾಫಿ ಕುಡಿದು ಕೂತು ಒಂದು ಸಲ ಅನುಭವಿಸಿದ್ದೇನೆ.