ಮರಕ್ಕೆ ರಾತ್ರಿ ಬೆಳಕು: ಸೋಲಾರಾ, 12 ವೋಲ್ಟಾ, ಮೇನ್ಸಾ?

ಮನೆಯಂಗಳದ ಮರಗಳಿಗೆ, ಎತ್ತರದ ಪೊದೆಗಳಿಗೆ ಯಾವ ಲೈಟ್ ಹಾಕೋಣ ಅಂತ ಕೇಳಿದ್ದೀರಿ. ಮೊದಲು ಮರ ಎಷ್ಟೆತ್ತರ, ಬುಡಕ್ಕೆ ಬಿಸಿಲು ಬೀಳುತ್ತದಾ ನೋಡಿ.

ಖರ್ಚು, ಕೆಲಸ ಎರಡೂ ಕಮ್ಮಿ ಇರುವುದು ಸೋಲಾರ್‌ಗೆ. ನೆಲಕ್ಕೆ ಚುಚ್ಚಿದರೆ ಮುಗಿಯಿತು. ಆದರೆ ಮರದ ಕೆಳಗೆ ನೆರಳೇ ಜಾಸ್ತಿ, ಅಲ್ವಾ? ಪ್ಯಾನೆಲನ್ನು ದೂರ ಬಿಸಿಲಲ್ಲಿಡಲು ವೈರ್ ಇರುವಂಥದ್ದನ್ನೇ ಕೊಳ್ಳಿ. ಕೆಲವು ವರ್ಷಕ್ಕೊಮ್ಮೆ ಬ್ಯಾಟರಿ ಬದಲಿಸಬೇಕು. ಆಳೆತ್ತರದ ಪೊದೆಗೆ ಇದು ಸಾಕು, ದೊಡ್ಡ ಮರದ ನೆತ್ತಿಗೆ ಸಾಲದು.

12 ವೋಲ್ಟ್ ಎಲ್‌ಇಡಿಗೆ ಟ್ರಾನ್ಸ್‌ಫಾರ್ಮರ್ (ಮನೆಯ ಕರೆಂಟನ್ನು 12 ವೋಲ್ಟಿಗೆ ಇಳಿಸುವ ಪೆಟ್ಟಿಗೆ), ಕೇಬಲ್ ಅಂತ ಮೊದಲಿಗೆ ದುಡ್ಡು ಹೋಗುತ್ತದೆ. ಶಾಕ್ ಭಯ ಮಾತ್ರ ತೀರಾ ಕಮ್ಮಿ. ಲೈಟಿನ ಬುಡದಲ್ಲಿ ಒಂದಷ್ಟು ಕೇಬಲ್ ಸುತ್ತಿ ಬಿಟ್ಟಿರಿ, ಮರ ಬೆಳೆದ ಹಾಗೆ ಹಿಂದಕ್ಕೆ ಸರಿಸಬಹುದು. ಕೇಬಲ್ ಉದ್ದವಾದರೆ ವೋಲ್ಟೇಜ್ ಇಳಿದು ಕೊನೆಯ ಲೈಟ್ ಮಂಕಾಗುತ್ತದೆ. ಅದಕ್ಕೆ ದಪ್ಪ ತಂತಿಯೇ ಬೇಕು. ಬೇಕಾದ ಬೀಮ್ (ಬೆಳಕು ಹರಡುವ ಕೋನ) ಆರಿಸಿಕೊಳ್ಳುವ ಅನುಕೂಲವೂ ಇದೆ: ನೆಟ್ಟಗಿನ ಕಾಂಡಕ್ಕೆ 15 ಡಿಗ್ರಿ, ಹರಡಿದ ಕೊಂಬೆಗಳಿಗೆ 60. ಬೆಳಕಿನ ಬಣ್ಣ 2700 ಕೆಲ್ವಿನ್, ಅಂದರೆ ಹಳದಿ ಛಾಯೆಯದ್ದು, ಇದ್ದರೆ ತೊಗಟೆ ಚೆನ್ನಾಗಿ ಕಾಣುತ್ತದೆ. ಬೆಳ್ಳಗಿನ ಬೆಳಕಲ್ಲಿ ಮರ ಸುಮ್ನೆ ಬಿಳಿಚಿಕೊಳ್ಳುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ಮೇನ್ಸ್, ಅಂದರೆ ಮನೆಯ ಕರೆಂಟಿಗೆ ನೇರವಾಗಿ ಜೋಡಿಸುವ ಫ್ಲಡ್‌ಲೈಟ್ ತುಂಬಾ ಎತ್ತರದ ಮರಕ್ಕೆ ಸರಿ. ಎಲೆಕ್ಟ್ರಿಷಿಯನ್ ಬೇಕೇ ಬೇಕು. ಕೇಬಲಿಗೆ ಆಳವಾಗಿ ಅಗೆಯುವಾಗ ಬೇರಿಗೆ ಪೆಟ್ಟಾಗಬಹುದು.

ಬಾಡಿಗೆ ಮನೆಯಾದರೆ ಸೋಲಾರ್ ಕಿತ್ತುಕೊಂಡು ಹೋಗಬಹುದು. ಸ್ವಂತ ಮನೆ, ಮೂರ್ನಾಲ್ಕು ಮರ ಇದ್ದರೆ 12 ವೋಲ್ಟ್ ನೋಡಿ. ಯಾವುದೇ ಹಾಕಿಸಿದರೂ ಟೈಮರ್ ಇರಲಿ, ಪಕ್ಕದ ಮನೆಯ ಕಿಟಕಿಗೆ ಬೆಳಕು ಹೊಡೆಯದಂತೆ ತಿರುಗಿಸಿಡಿ.